ಗುರುವಾರದ ಅಡುಗೆ

(ಆಕಾಶವಾಣಿಯಲ್ಲಿ ಪ್ರಸಾರವಾದ ಭಾಷಣ)



ಕನ್ನಡದ ಮೇಷ್ಟರೊಬ್ಬರು ಆಕಾಶವಾಣಿಗೆ ಬಂದರೆ ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ಮಾತನಾಡುವುದು ರೂಢಿ. ಮೂವತ್ತೇಳು ವರ್ಷ ತರಗತಿಗಳಲ್ಲಿ ನಾನೂ ಅದನ್ನೇ ಮಾಡಿದವನು. ಇಂದು ಮಾತ್ರ ಒಂದು ಅಡುಗೆಯ ವಿಚಾರವನ್ನು ಹೇಳಬೇಕೆಂದು ಬಂದಿದ್ದೇನೆ. ಅದು ನಮ್ಮ ನಾಡಿನ ಅಡುಗೆಯೂ ಅಲ್ಲ. ಉಪ್ಪಿನಲ್ಲಿ ಹದಮಾಡಿ ತಗಡಿನ ಡಬ್ಬಿಯಲ್ಲಿ ತುಂಬಿದ ದನದ ಮಾಂಸ, ಒಂದು ಎಲೆಕೋಸು, ಎರಡು ಈರುಳ್ಳಿ, ಇಷ್ಟರಿಂದಲೇ ಒಂದು ಸಂಸಾರದ ಒಂದು ರಾತ್ರಿಯ ಹಸಿವನ್ನು ತೀರಿಸುವ ಅಡುಗೆ. ಆ ಮಾಂಸವನ್ನು ಇಂಗ್ಲಿಷರು ‘ಕಾರ್ನ್ಡ್ ಬೀಫ್’ ಎನ್ನುತ್ತಾರೆ. ಜಮೈಕಾ ದ್ವೀಪದವರು ‘ಬುಲ್ಲಿ ಬೀಫ್’ ಎನ್ನುತ್ತಾರೆ.

ಈ ಪದಾರ್ಥ ನಿಮ್ಮಲ್ಲಿ ಕೆಲವರ ಮನೆಯ ಊಟ. ಇನ್ನು ಕೆಲವರ ಮನೆಯಲ್ಲಿ ಅದರ ಹೆಸರನ್ನೂ ಎತ್ತುವಂತಿಲ್ಲ. ನಾನು ಬೆಳೆದದ್ದು ಈ ಎರಡನೆಯ ಬಗೆಯ ಮನೆಯಲ್ಲಿ. ಇಂದಿಗೂ ನಾನು ಸಸ್ಯಾಹಾರಿಯೇ. ಯಾರಿಗೂ ತಿನ್ನಿರೆಂದು ಹೇಳುವುದಕ್ಕಾಗಲಿ, ಬಿಡಿರೆಂದು ಹೇಳುವುದಕ್ಕಾಗಲಿ ನಾನು ಬಂದಿಲ್ಲ. ಆದರೆ ಬದುಕಿನಲ್ಲಿ ಒಂದೇ ಒಂದು ಸಲ, ನಾನು ತಿನ್ನದ ಆ ಅಡುಗೆಯನ್ನು ನನ್ನ ಕೈಯಾರೆ ಮಾಡಿ ಬಡಿಸಿದ್ದೇನೆ. ಅದರ ಕಥೆಯನ್ನು ಇಷ್ಟು ವರ್ಷ ಎಲ್ಲಿಯೂ ಹೇಳಿರಲಿಲ್ಲ.

1986ರ ಸೆಪ್ಟೆಂಬರಿನ ಕೊನೆಯಲ್ಲಿ, ನನ್ನ ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಒಂದು ವರ್ಷದ ವಿದ್ಯಾರ್ಥಿವೇತನದ ಮೇಲೆ ಲಂಡನ್ನಿಗೆ ಹೋದೆ. ಆಗ ಇಂಡಿಯಾ ಆಫೀಸ್ ಗ್ರಂಥಾಲಯವು ಬ್ಲ್ಯಾಕ್‌ಫ್ರೈಯರ್ಸ್ ರಸ್ತೆಯ ಕಟ್ಟಡವೊಂದರಲ್ಲಿತ್ತು. ಅಲ್ಲಿದ್ದ ಹಳೆಯ ಕನ್ನಡ ಮುದ್ರಿತ ಪುಸ್ತಕಗಳನ್ನು ನೋಡುವುದು ನನ್ನ ಕೆಲಸ. ವಿದ್ಯಾರ್ಥಿವೇತನ ಅಷ್ಟಕ್ಕಷ್ಟೆ. ಅದರಲ್ಲಿಯೇ ಉಳಿಸಿ, ತಂಗಿಯ ಮದುವೆಗೆಂದು ಮನೆಗೆ ಕಳುಹಿಸಬೇಕಾಗಿತ್ತು. ಹೀಗಾಗಿ ಬಾಡಿಗೆ ಕಡಿಮೆಯಿದ್ದ ಬ್ರಿಕ್ಸ್‌ಟನ್ ಬಡಾವಣೆಯಲ್ಲಿ ಒಂದು ಕೋಣೆಯನ್ನು ಹಿಡಿದೆ.

ಬ್ರಿಕ್ಸ್‌ಟನ್ ದಕ್ಷಿಣ ಲಂಡನ್ನಿನ ಬಡಾವಣೆ. 1948ರಲ್ಲಿ ‘ಎಂಪೈರ್ ವಿಂಡ್‌ರಷ್’ ಎಂಬ ಹಡಗು ವೆಸ್ಟ್ ಇಂಡೀಸಿನಿಂದ ನೂರಾರು ಜನರನ್ನು ಹೊತ್ತು ಇಂಗ್ಲೆಂಡಿಗೆ ಬಂತು. ಅವರಲ್ಲಿ ಹಲವರಿಗೆ ಹತ್ತಿರದ ಕ್ಲ್ಯಾಪಮ್ಮಿನಲ್ಲಿ, ಯುದ್ಧಕಾಲದ ನೆಲಮಾಳಿಗೆಯೊಂದರಲ್ಲಿ ತಾತ್ಕಾಲಿಕವಾಗಿ ತಂಗಲು ಅವಕಾಶ ದೊರೆಯಿತು. ಅವರು ಕೆಲಸ ಹುಡುಕಿಕೊಂಡು ಹೋದದ್ದು ಬ್ರಿಕ್ಸ್‌ಟನ್ನಿಗೆ, ಅಲ್ಲಿಯೇ ಬೇರೂರಿದರು. ನನ್ನ ಮನೆಯೊಡತಿಯೂ ಜಮೈಕಾದಿಂದ 1960ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ ಬಂದವರು. ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಅವರಿಗೆ ಕೆಲಸ. ಗಂಡ ತೀರಿಹೋಗಿದ್ದರು. ಹನ್ನೆರಡು ವರ್ಷದ ಮಗಳು, ಒಂಬತ್ತು ಮತ್ತು ಆರು ವರ್ಷದ ಇಬ್ಬರು ಗಂಡುಮಕ್ಕಳು. ಮೇಲಿನ ಕೋಣೆಯನ್ನು ಬಾಡಿಗೆಗೆ ಕೊಟ್ಟು, ರಾತ್ರಿಯ ಊಟವನ್ನೂ ಅದರಲ್ಲಿ ಸೇರಿಸಿದ್ದರು. ಅವರಿಗೆ ಬಾಡಿಗೆ ಬೇಕಾಗಿತ್ತು, ನನಗೆ ಊಟ ಬೇಕಾಗಿತ್ತು.

ಅಲ್ಲಿ ಸಂಬಳ ವಾರಕ್ಕೊಮ್ಮೆ, ಶುಕ್ರವಾರ. ಆದ್ದರಿಂದ ಗುರುವಾರ ರಾತ್ರಿ ಕೈ ಬರಿದಾಗುತ್ತಿತ್ತು. ನಮ್ಮಲ್ಲಿ ತಿಂಗಳ ಕೊನೆ ಎನ್ನುತ್ತೇವಲ್ಲ, ಅದು ಅಲ್ಲಿ ವಾರವಾರವೂ ಬರುತ್ತಿತ್ತು. ಆ ದಿನಕ್ಕೆಂದೇ ಕಪಾಟಿನಲ್ಲಿ ಒಂದು ಡಬ್ಬಿ ಕಾದಿರುತ್ತಿತ್ತು. ಕೆಳಗೆ ಅಗಲ, ಮೇಲೆ ಕಿರಿದು, ಪಕ್ಕಕ್ಕೆ ಅಂಟಿಸಿದ ಒಂದು ಸಣ್ಣ ಕೀಲಿ. ತೂಕ 340 ಗ್ರಾಂ. ಮಾರುಕಟ್ಟೆಯಲ್ಲಿ ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಎಲೆಕೋಸು ಅಗ್ಗ. ಎರಡೂ ಸೇರಿದರೆ ಗುರುವಾರದ ಊಟ.

ನಾನು ಹೋದ ಮೊದಲ ಗುರುವಾರ ಆ ತಾಯಿ ಅನ್ನದ ಪಕ್ಕದಲ್ಲಿ ಆ ಪಲ್ಯವನ್ನು ಬಡಿಸಿ ತಟ್ಟೆಯನ್ನು ನನ್ನ ಮುಂದಿಟ್ಟರು. ನಾನು ಏನೆಂದು ಕೇಳಿದೆ. ಹೇಳಿದರು. ನಾನು ತಟ್ಟೆಯನ್ನು ಬೆರಳ ತುದಿಯಿಂದ ಅತ್ತ ಸರಿಸಿ, ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡು, ಕರವಸ್ತ್ರವನ್ನು ಮೂಗಿಗೆ ಹಿಡಿದೆ. “ಇಂಥದನ್ನು ನಾವು ಮುಟ್ಟುವುದಿಲ್ಲ” ಎಂದೆ. ತಿನ್ನುವುದಿಲ್ಲ ಎಂದಿದ್ದರೆ ಸಾಕಾಗಿತ್ತು. ಮಕ್ಕಳು ಮೂವರೂ ಚಮಚವನ್ನು ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದರು. ಅವರು ಉಣ್ಣುತ್ತಿದ್ದುದನ್ನೇ ನಾನು ಹಾಗೆಂದದ್ದು. ತಾಯಿ ಏನೂ ಹೇಳದೆ ತಟ್ಟೆಯನ್ನು ತೆಗೆದು, ನನಗೆ ಬ್ರೆಡ್ಡು ಮತ್ತು ಬೆಣ್ಣೆಯನ್ನು ಕೊಟ್ಟರು. ಅಂದು ನಾನು ಕೋಣೆಗೆ ಹೋಗಿ, ಧರ್ಮವನ್ನು ಉಳಿಸಿಕೊಂಡೆನೆಂಬ ತೃಪ್ತಿಯಿಂದಲೇ ಮಲಗಿದೆ.

ಮುಂದಿನ ಗುರುವಾರದಿಂದ ನನಗೆ ಬೇರೆಯಾಗಿ ಬರೀ ಕೋಸಿನ ಪಲ್ಯ ಬರತೊಡಗಿತು. ಬಾಡಿಗೆ ಕೊಡುವವನಿಗೆ ಅದು ಸಲ್ಲತಕ್ಕದ್ದೇ ಎಂದು ಭಾವಿಸಿದೆ. ಕ್ರಿಸ್‌ಮಸ್ಸಿನ ವಾರವನ್ನು ಬಿಟ್ಟು 13 ಗುರುವಾರ ಹಾಗೆ ಉಂಡೆ.

ಇಷ್ಟಾದರೂ ಆ ಡಬ್ಬಿಯ ಹೆಸರು ನನ್ನನ್ನು ಕಾಡುತ್ತಿತ್ತು. ಪದ ಕಂಡರೆ ಅದರ ಮೂಲವನ್ನು ಕೆದಕುವುದು ಕನ್ನಡ ಎಂ.ಎ. ಮಾಡಿದವರ ಚಾಳಿ. ‘ಕಾರ್ನ್’ ಎಂದರೆ ನಮಗೆ ಮೆಕ್ಕೆಜೋಳ. ಡಬ್ಬಿಯಲ್ಲಿ ಜೋಳದ ಸುಳಿವೇ ಇಲ್ಲ. ನಿಘಂಟನ್ನು ತೆಗೆದು ನೋಡಿದಾಗ, ಹಿಂದೆ ಆ ಪದಕ್ಕೆ ಕಾಳು, ಹರಳು ಎಂಬ ಅರ್ಥವಿದ್ದದ್ದು ತಿಳಿಯಿತು. ಕಾಳಿನ ಗಾತ್ರದ ಉಪ್ಪಿನ ಹರಳುಗಳನ್ನು ಉಜ್ಜಿ ಇಟ್ಟ ಮಾಂಸ ಎಂದು ತಾತ್ಪರ್ಯ. ನಾವು ಹರಳುಪ್ಪು, ಕಲ್ಲುಪ್ಪು ಎನ್ನುವುದಿಲ್ಲವೇ, ಹಾಗೆ. ‘ಬುಲ್ಲಿ’ ಎಂಬುದು ಬೇಯಿಸಿದ್ದು ಎಂಬರ್ಥದ ಫ್ರೆಂಚ್ ಪದದಿಂದ ಬಂದಿರಬೇಕೆಂದು ಊಹೆ. ಒಂದು ಹೆಸರು ಉಪ್ಪಿನಿಂದ, ಇನ್ನೊಂದು ಬೇಯಿಸುವುದರಿಂದ ಬಂತು. ಎರಡರಲ್ಲಿಯೂ ರುಚಿಯ ಮಾತಿಲ್ಲ. ಕೆಡದಂತೆ ಉಳಿಸುವ ಮಾತೇ ಇದೆ.

ಕೆಡದೆ ಉಳಿಯುವುದು ಎಷ್ಟು ದೊಡ್ಡ ಗುಣವೆಂಬುದನ್ನು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ಜಗಳ ಬಿದ್ದಾಗ, ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಅಕ್ಕಿ ಸೊರಗುತ್ತದೆ, ರಾಗಿ ಉಳಿಯುತ್ತದೆ, ಗೆಲುವು ರಾಗಿಯದು. ಹಾಸನದ ಕಡೆಯ ನಮ್ಮೂರಿನಲ್ಲಿ ಆ ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಮುಚ್ಚುತ್ತಿದ್ದರು. ಬರ ಬಂದ ವರ್ಷ ಹಗೇವಿನ ಬಾಯಿ ತೆರೆಯುತ್ತಿತ್ತು. ಬ್ರಿಕ್ಸ್‌ಟನ್ನಿನ ಆ ಕಪಾಟಿನ ಡಬ್ಬಿ ಗುರುವಾರದ ಹಗೇವು.

ಆದರೆ ಅಗ್ಗದ ಪದಾರ್ಥವು ಅಗ್ಗವಾಗುವುದಕ್ಕೆ ಯಾರೋ ಬೆಲೆ ತೆತ್ತಿರುತ್ತಾರೆ. 17ನೆಯ ಶತಮಾನದಲ್ಲಿ ಇಂಗ್ಲೆಂಡು ಐರ್ಲೆಂಡಿನಿಂದ ಜೀವಂತ ದನಗಳು ಬರುವುದನ್ನು 1663 ಮತ್ತು 1667ರ ಕಾನೂನುಗಳಿಂದ ತಡೆಯಿತು. ಆಗ ಐರ್ಲೆಂಡಿನ ಕಾರ್ಕ್ ಪಟ್ಟಣದಲ್ಲಿ ಮಾಂಸವನ್ನು ಉಪ್ಪುಹಾಕಿ ಪೀಪಾಯಿಗಳಲ್ಲಿ ತುಂಬುವ ವ್ಯಾಪಾರ ಬೆಳೆಯಿತು. ಆ ಪೀಪಾಯಿಗಳು ನೌಕಾಪಡೆಗೆ ಹೋದವು. ಜಮೈಕಾದಂಥ ಸಕ್ಕರೆಯ ದ್ವೀಪಗಳಿಗೂ ಹೋದವು. ಕಬ್ಬಿನ ತೋಟದ ಒಡೆಯರಿಗೆ ನೆಲವೆಲ್ಲ ಕಬ್ಬಿಗೇ ಬೇಕು. ಊಟ ಹೊರಗಿನಿಂದ ಬರಲಿ ಎಂಬ ಲೆಕ್ಕ. ಆಫ್ರಿಕಾದಿಂದ ಹಿಡಿದು ತಂದ ಗುಲಾಮರಿಗೆ ಉಪ್ಪುಮೀನು, ಅಗ್ಗದ ಉಪ್ಪುಮಾಂಸ. ಇತ್ತ ಆ ದನಗಳನ್ನು ಸಾಕಿದ ಐರ್ಲೆಂಡಿನ ಬಡ ರೈತನಿಗೆ ದನದ ಮಾಂಸ ಕೈಗೆಟುಕುವಂತಿರಲಿಲ್ಲ. ಅವನು ಆಲೂಗಡ್ಡೆ ಮತ್ತು ಮಜ್ಜಿಗೆಯ ಮೇಲೆ ಬದುಕುತ್ತಿದ್ದ. 1845ರಿಂದ ಆಲೂಗಡ್ಡೆಗೆ ರೋಗ ತಗುಲಿ ಕ್ಷಾಮ ಬಂದಾಗ ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ದೇಶ ಬಿಟ್ಟರು. ಆ ವರ್ಷಗಳಲ್ಲಿಯೂ ಐರ್ಲೆಂಡಿನಿಂದ ಧಾನ್ಯ, ದನಗಳು ಹೊರಗೆ ಹೋಗುತ್ತಲೇ ಇದ್ದವು. ಅಮೆರಿಕ ಸೇರಿದ ಐರಿಷರು ಅಲ್ಲಿ ಅಗ್ಗವಾಗಿ ದೊರೆತ ಉಪ್ಪುಮಾಂಸವನ್ನು ಕೋಸಿನೊಡನೆ ಬೇಯಿಸಿ ಉಂಡರು. ಅದು ಅವರ ಹಬ್ಬದ ಊಟವೇ ಆಯಿತು.

ಡಬ್ಬಿಯದು ಇನ್ನೊಂದು ಕಥೆ. ಆಹಾರವನ್ನು ಗಾಳಿಯಾಡದಂತೆ ಮುಚ್ಚಿ ಕುದಿಸಿದರೆ ಕೆಡುವುದಿಲ್ಲವೆಂದು ಫ್ರಾನ್ಸಿನ ನಿಕೊಲಾ ಅಪೇರ್ ಎಂಬ ಮಿಠಾಯಿಗಾರ ಕಂಡುಕೊಂಡು 1810ರಲ್ಲಿ ಪುಸ್ತಕವನ್ನು ಪ್ರಕಟಿಸಿದ. ಕೆಲವೇ ವರ್ಷಗಳಲ್ಲಿ ಲಂಡನ್ನಿನಲ್ಲಿ ತಗಡಿನ ಡಬ್ಬಿಯ ಕಾರ್ಖಾನೆ ಶುರುವಾಯಿತು. ತಮಾಷೆಯೆಂದರೆ ಡಬ್ಬಿಯನ್ನು ತೆರೆಯುವ ಸಾಧನ ಬರಲು ಇನ್ನೂ ಕೆಲವು ದಶಕಗಳು ಬೇಕಾದವು. ಅಲ್ಲಿಯವರೆಗೆ ಉಳಿ, ಸುತ್ತಿಗೆಗಳೇ ಗತಿ. ದಕ್ಷಿಣ ಅಮೆರಿಕದ ಉರುಗ್ವೆ ದೇಶದಲ್ಲಿ ಫ್ರೈ ಬೆಂಟೋಸ್ ಎಂಬ ಊರಿದೆ. ಅಲ್ಲಿಯ ಕಾರ್ಖಾನೆಯಲ್ಲಿ 1873ರಿಂದ ಈ ಮಾಂಸವನ್ನು ಡಬ್ಬಿಗೆ ತುಂಬತೊಡಗಿದರು. ಮಾಂಸದ ಮುದ್ದೆ ಇಡಿಯಾಗಿ ಜಾರಿ ಹೊರಗೆ ಬರಲೆಂದು ಒಂದು ಕಡೆ ಕಿರಿದಾದ ಡಬ್ಬಿಯನ್ನು 1875ರಲ್ಲಿ ಶಿಕಾಗೋದವರು ರೂಪಿಸಿದರು. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರು ಕಂದಕಗಳಲ್ಲಿ ಉಂಡದ್ದು ಇದನ್ನೇ. ಉಂಡು ಉಂಡು ಶಪಿಸಿದ್ದೂ ಇದನ್ನೇ.

ಇವೆಲ್ಲವನ್ನೂ ಗ್ರಂಥಾಲಯದಲ್ಲಿ ಓದಿ, ಮನೆಗೆ ಬಂದು ಆ ತಾಯಿಗೆ ಪಾಠ ಮಾಡಿದ್ದೂ ಉಂಟು. ಅವರು ಬಟ್ಟೆ ಮಡಿಸುತ್ತಾ ಕೇಳುತ್ತಿದ್ದರು. ಜಮೈಕಾಕ್ಕೆ 1845ರಿಂದ ನಮ್ಮ ದೇಶದ ಕೂಲಿಗಳು ಕರಾರಿನ ಮೇಲೆ ಹೋದದ್ದನ್ನು ಹೇಳಿ, “ನಿಮ್ಮ ಕರಿ ನಮ್ಮಿಂದ ಬಂದದ್ದು” ಎಂದೆ. “ಬಂದವರು ನಮ್ಮವರಾದರಲ್ಲ ಮಗನೇ, ಅವರ ಕರಿಯೂ ನಮ್ಮದೇ ಆಯಿತು” ಎಂದರು. ಆಗ ನನಗೆ ಉತ್ತರ ಹೊಳೆಯಲಿಲ್ಲ.

1987ರ ಜನವರಿಯ ಎರಡನೆಯ ವಾರ ಇಂಗ್ಲೆಂಡಿನ ಆಗ್ನೇಯ ಭಾಗದಲ್ಲಿ ಅಪರೂಪದ ಚಳಿ ಮತ್ತು ಹಿಮ. ರೈಲು, ಬಸ್ಸುಗಳು ಅಸ್ತವ್ಯಸ್ತವಾದವು. ತಾಯಿಗೆ ಜ್ವರ ಬಂದು ಹಾಸಿಗೆ ಹಿಡಿದರು. ಮಂಗಳವಾರ, ಬುಧವಾರ ಮನೆಯಲ್ಲಿದ್ದ ಬ್ರೆಡ್ಡು, ಸೂಪುಗಳಲ್ಲಿ ಕಳೆಯಿತು. 15ನೆಯ ತಾರೀಖು ಗುರುವಾರ ಸಂಜೆ ನಾನು ಕೆಳಗೆ ಇಳಿದು ಬಂದಾಗ ಮಕ್ಕಳು ಕೋಟು ಹಾಕಿಕೊಂಡೇ ಅಡುಗೆಮನೆಯಲ್ಲಿ ಕುಳಿತಿದ್ದರು. ಗ್ಯಾಸಿನ ಮೀಟರಿನಲ್ಲಿ ನಾಣ್ಯ ಮುಗಿದಿತ್ತು. ಐವತ್ತು ಪೆನ್ಸಿನ ನಾಣ್ಯವನ್ನು ಹಾಕಿದರೆ ಮಾತ್ರ ಗ್ಯಾಸು ಬರುವ ಪೆಟ್ಟಿಗೆ ಅದು. ಮೂರೂವರೆ ತಿಂಗಳು ಆ ಮನೆಯಲ್ಲಿದ್ದರೂ ಅಂಥ ಪೆಟ್ಟಿಗೆಯೊಂದು ಮೆಟ್ಟಿಲ ಕೆಳಗಿದೆ ಎಂಬುದು ನನಗೆ ಗೊತ್ತಿರಲಿಲ್ಲ.

ಕಪಾಟಿನಲ್ಲಿ ಡಬ್ಬಿ ಇತ್ತು. ಬುಟ್ಟಿಯಲ್ಲಿ ಒಂದು ಕೋಸು, ಎರಡು ಈರುಳ್ಳಿ, ಒಂದು ಟೊಮ್ಯಾಟೊ. ಡಬ್ಬಿಯ ತಗಡು ಕೈ ಕೊಯ್ಯುತ್ತದೆಂದು ಮಕ್ಕಳಿಗೆ ಅದನ್ನು ಮುಟ್ಟಲು ಅಪ್ಪಣೆ ಇರಲಿಲ್ಲ. ಹುಡುಗಿ ನನ್ನನ್ನು ನೋಡಿದಳು, ಏನೂ ಕೇಳಲಿಲ್ಲ. ಮೊದಲ ಗುರುವಾರದ ಮಾತು ಅವಳಿಗೆ ನೆನಪಿತ್ತೆಂದು ಆ ನೋಟದಲ್ಲಿಯೇ ತಿಳಿಯಿತು.

ನಾನು ನಾಣ್ಯವನ್ನು ಹಾಕಿದೆ. ಒಲೆ ಹೊತ್ತಿತು. ಮೊಳೆಗೆ ತೂಗುಹಾಕಿದ್ದ ಒಂದು ಚಿಕ್ಕ ಬಾಣಲೆಯನ್ನು ತೆಗೆದುಕೊಂಡೆ. ಅದರ ಹಿಡಿಗೆ ಕೆಂಪು ದಾರವನ್ನು ಕಟ್ಟಿತ್ತು. “ಅದು ಬೇಡ, ಅದು ನಿಮ್ಮದು” ಎಂದಳು ಹುಡುಗಿ. “ಅಮ್ಮ ನಿಮಗೆಂದೇ ಹೊಸದಾಗಿ ತಂದದ್ದು. ಅದರಲ್ಲಿ ನಾವು ಏನೂ ಮಾಡುವುದಿಲ್ಲ. ಬೆರೆಯಬಾರದೆಂದು ದಾರ ಕಟ್ಟಿದ್ದಾರೆ. ನಿಮ್ಮದನ್ನು ಮೊದಲು ಮಾಡಿ ಮುಚ್ಚಿಟ್ಟು ಆಮೇಲೆ ನಮ್ಮದನ್ನು ಮಾಡುತ್ತಾರೆ.”

ಕೇಳುಗರೇ, ನಮ್ಮ ಮನೆಯಲ್ಲಿ ನನ್ನ ಅಜ್ಜಿ ಮಡಿಯನ್ನು ಹೇಗೆ ಕಾಯುತ್ತಿದ್ದರೋ ಹಾಗೆಯೇ ಪರದೇಶದ ಒಬ್ಬ ಬಡ ಹೆಂಗಸು ನನ್ನ ಮಡಿಯನ್ನು ಕಾಯುತ್ತಿದ್ದರು. ಕೈ ಬರಿದಾಗುವ ದಿನವೇ ಎರಡು ಸಲ ಒಲೆ ಹೊತ್ತಿಸುತ್ತಿದ್ದರು, ಎರಡರಷ್ಟು ಗ್ಯಾಸನ್ನು ಸುಡುತ್ತಿದ್ದರು. ನಾನು ಉಳಿಸಿಕೊಂಡೆನೆಂದು ತೃಪ್ತಿಪಟ್ಟ ಧರ್ಮದ ಖರ್ಚು ಆ ಮೀಟರಿಗೆ ಬೀಳುತ್ತಿತ್ತು.

ನಾನು ದೊಡ್ಡ ಬಾಣಲೆಯನ್ನು ತೆಗೆದುಕೊಂಡೆ. ಮಹಡಿಯಿಂದ ತಾಯಿ ಕೆಮ್ಮುತ್ತಾ ಕೂಗಿ ಹೇಳುತ್ತಿದ್ದರು, ಹುಡುಗಿ ಮೆಟ್ಟಿಲ ಮೇಲೆ ನಿಂತು ನನಗೆ ದಾಟಿಸುತ್ತಿದ್ದಳು. ಕೀಲಿಯ ಸೀಳಿನಲ್ಲಿ ತಗಡಿನ ನಾಲಗೆಯನ್ನು ಸಿಕ್ಕಿಸಿ ಸುತ್ತುತ್ತಾ ಹೋಗಬೇಕು. ಪಟ್ಟಿ ಸುರುಳಿಯಾಗಿ ಬಿಚ್ಚಿಕೊಳ್ಳುತ್ತದೆ. ನಾನು ಅವಸರದಲ್ಲಿ ಓರೆಯಾಗಿ ತಿರುಗಿಸಿದೆ. ಪಟ್ಟಿ ಅರ್ಧದಲ್ಲಿ ತುಂಡಾಯಿತು. ಚಾಕುವಿನಿಂದ ಮೀಟಲು ಹೋಗಿ ಹೆಬ್ಬೆರಳನ್ನು ಕೊಯ್ದುಕೊಂಡೆ. ಒಂಬತ್ತು ವರ್ಷದ ಹುಡುಗ ಬಟ್ಟೆಯ ಚೂರನ್ನು ತಂದು ಕಟ್ಟಿದ. ಆ ಮಾಂಸದ ವಾಸನೆಗೆ ಹೊಟ್ಟೆ ತೊಳಸಿತು ಎಂಬುದನ್ನು ಮುಚ್ಚಿಡುವುದಿಲ್ಲ. ಒಮ್ಮೆ ಹಿತ್ತಲ ಬಾಗಿಲನ್ನು ತೆರೆದು ಹಿಮದ ಗಾಳಿಯಲ್ಲಿ ನಿಂತು ಬಂದೆ.

ಅಡುಗೆಯ ಕ್ರಮವನ್ನು ಅವರು ಹೇಳಿದಂತೆಯೇ ಹೇಳುತ್ತೇನೆ. ಎಣ್ಣೆ ಒಂದು ಚಮಚ ಸಾಕು, ಡಬ್ಬಿಯಲ್ಲಿಯೇ ಕೊಬ್ಬು ಇರುತ್ತದೆ. ಈರುಳ್ಳಿಯನ್ನು ಉದ್ದುದ್ದವಾಗಿ ಹೆಚ್ಚಿ ಬಾಡಿಸಬೇಕು. ಬೆಳ್ಳುಳ್ಳಿ ಎರಡು ಎಸಳು, ಥೈಮ್ ಎಂಬ ಸೊಪ್ಪು ಒಂದು ಚಿಟಿಕೆ. ಈ ಥೈಮಿಗೆ ನಮ್ಮ ಓಮದ ಪರಿಮಳವಿದೆ. ಎರಡರಲ್ಲಿಯೂ ಇರುವ ಸುಗಂಧದ್ರವ್ಯ ಒಂದೇ. ಕೆರಿಬಿಯನ್ ದ್ವೀಪಗಳಲ್ಲಿ ನಮ್ಮ ದೊಡ್ಡಪತ್ರೆಯನ್ನು ‘ಅಗಲ ಎಲೆಯ ಥೈಮ್’ ಎಂದೇ ಕರೆಯುತ್ತಾರೆ. ಆಮೇಲೆ ಟೊಮ್ಯಾಟೊ. ಮೆಣಸಿನಕಾಯಿಯನ್ನು ಸೀಳದೆ ಇಡಿಯಾಗಿ ಹಾಕಿ ಕೊನೆಗೆ ಎತ್ತಿಬಿಡಬೇಕು. ಪರಿಮಳ ಬರುತ್ತದೆ, ಮಕ್ಕಳಿಗೆ ಖಾರವಾಗುವುದಿಲ್ಲ. ಕೋಸನ್ನು ಸಣ್ಣಗೆ ಹೆಚ್ಚಿ ಹಾಕಿ ಮುಚ್ಚಬೇಕು. ನೀರು ಬೇಡ, ಸಣ್ಣ ಉರಿಯಲ್ಲಿ ತನ್ನ ನೀರಿನಲ್ಲಿ ತಾನೇ ಬೇಯುತ್ತದೆ. ಹಸಿಯೂ ಆಗಬಾರದು, ಮೆತ್ತಗೂ ಆಗಬಾರದು. ಮಾಂಸವನ್ನು ಹಾಕುವುದು ಎಲ್ಲಕ್ಕೂ ಕೊನೆಗೆ. ಅದು ಡಬ್ಬಿಯಲ್ಲಿಯೇ ಬೆಂದಿರುತ್ತದೆ, ಮುಳ್ಳುಚಮಚದಿಂದ ಬಿಡಿಸಿ ಐದು ನಿಮಿಷ ಬಿಸಿಯಾದರೆ ಸಾಕು. ಕರಿಮೆಣಸಿನ ಪುಡಿಯನ್ನು ಉದುರಿಸಿ ಇಳಿಸುವುದು. ಪಕ್ಕದಲ್ಲಿ ಬಿಸಿ ಅನ್ನ.

ಮಾಂಸ ಸ್ವಲ್ಪ, ಕೋಸು ಬಹಳ. ಸ್ವಲ್ಪವಾದದ್ದು ಬಹಳವಾದದ್ದರ ತುಂಬ ಹರಡಿಕೊಳ್ಳಬೇಕು. ಯಾರ ತಟ್ಟೆಯಲ್ಲಿಯೂ ಕಡಿಮೆಯೆಂದು ಕಾಣಬಾರದು. ಈ ಅಡುಗೆಯ ಜಾಣ್ಮೆಯೆಲ್ಲ ಅಷ್ಟೇ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ನಮ್ಮ ಮನೆಯಲ್ಲಿ ಕೋಸಿನ ಪಲ್ಯಕ್ಕೆ ಮೊದಲೇ ಉಪ್ಪು ಹಾಕುತ್ತಾರೆ. ಕೋಸು ನೀರು ಬಿಡುತ್ತದೆ. ಕೈ ಅಭ್ಯಾಸಬಲದಿಂದ ಉಪ್ಪಿನ ಡಬ್ಬಿಗೆ ಹೋಯಿತು. ಕಾರ್ನ್ ಎಂದರೆ ಉಪ್ಪಿನ ಹರಳು ಎಂದು ನಿಘಂಟಿನಲ್ಲಿ ಓದಿ ಟಿಪ್ಪಣಿ ಬರೆದುಕೊಂಡವನಿಗೆ, ಆ ಮಾಂಸದಲ್ಲಿ ಉಪ್ಪು ಆಗಲೇ ಇದೆಯೆಂಬುದು ಒಲೆಯ ಮುಂದೆ ಹೊಳೆಯಲಿಲ್ಲ. ರುಚಿ ನೋಡುವಂತೆಯೂ ಇಲ್ಲ. ಕಿರಿಯ ಹುಡುಗನ ಬಾಯಿಗೆ ಒಂದು ಚಮಚ ಕೊಟ್ಟು, “ಉಪ್ಪು ಹೇಗಿದೆ?” ಎಂದು ಕೇಳಿದೆ. ಅವನು ಮುಖವನ್ನು ಹಿಂಡಿ, “ಸಮುದ್ರ” ಎಂದ. ಉಳಿದಿದ್ದ ಕೋಸನ್ನೆಲ್ಲ ಹೆಚ್ಚಿ ಹಾಕಿ ಮತ್ತೆ ಮುಚ್ಚಿದೆ. ಅದು ನನ್ನ ಪಾಲಿಗೆಂದು ತೆಗೆದಿಟ್ಟಿದ್ದ ಕೋಸು. ಹೀಗಾಗಿ ಅಂದು ನನಗೆ ಬರೀ ಅನ್ನ, ಮೇಲೊಂದಿಷ್ಟು ಬೆಣ್ಣೆ.

ಮಕ್ಕಳು ಉಂಡರು. ಹುಡುಗಿ ತಾಯಿಗೆ ತಟ್ಟೆಯನ್ನು ಒಯ್ದಳು. ಸ್ವಲ್ಪ ಹೊತ್ತಿನ ಮೇಲೆ ನಾನು ಹೋಗಿ ಬಾಗಿಲಲ್ಲಿ ನಿಂತೆ. ಮೊದಲ ಗುರುವಾರ ಆಡಿದ ಮಾತಿಗೆ ಕ್ಷಮೆ ಕೇಳಬೇಕೆಂದು ವಾಕ್ಯವನ್ನೂ ಕಟ್ಟಿಕೊಂಡಿದ್ದೆ. ಅವರು ನನ್ನ ಹೆಬ್ಬೆರಳಿನ ಬಟ್ಟೆಯನ್ನು ನೋಡಿ, “ಆ ಕೀಲಿಯನ್ನು ನೇರವಾಗಿ ಹಿಡಿಯಬೇಕು ಮಗನೇ” ಎಂದರು. ಆಮೇಲೆ, “ಉಪ್ಪು ಹಾಕಿದ್ದು ಯಾಕೆ?” ಎಂದರು. ನಾನು ಕಟ್ಟಿಕೊಂಡಿದ್ದ ವಾಕ್ಯ ಗಂಟಲಲ್ಲೇ ಉಳಿಯಿತು. ಮರುದಿನ ಐವತ್ತು ಪೆನ್ಸಿನ 13 ನಾಣ್ಯಗಳನ್ನು ಮೀಟರಿನ ಮೇಲೆ ಸಾಲಾಗಿ ಇಟ್ಟು ಗ್ರಂಥಾಲಯಕ್ಕೆ ಹೋದೆ. ಸಂಜೆ ಬಂದಾಗ ಅವು ಅಲ್ಲಿರಲಿಲ್ಲ. ಆ ವಿಷಯವನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ತೆಗೆದುಕೊಂಡರಲ್ಲ ಎಂಬುದೇ ನನಗೆ ದೊಡ್ಡ ಸಮಾಧಾನವಾಯಿತು.

ಆ ವರ್ಷದ ಕೊನೆಯಲ್ಲಿ ಊರಿಗೆ ಬಂದೆ. ಒಂದು ದಿನ ಅಮ್ಮ ಕೋಸನ್ನು ಹೆಚ್ಚುತ್ತಿದ್ದಳು. ಎಲೆಕೋಸು ಯೂರೋಪಿನಿಂದ ನಮ್ಮಲ್ಲಿಗೆ ಬಂದ ತರಕಾರಿ. ಶ್ರಾದ್ಧದ ಅಡುಗೆಗೆ ನಮ್ಮ ಮನೆಯಲ್ಲಿ ಇಂದಿಗೂ ಅದು ಬಾರದು. ಉಳಿದ ದಿನ ಮಾತ್ರ ಸಾಸಿವೆ, ಉದ್ದಿನಬೇಳೆ, ಕರಿಬೇವಿನ ಒಗ್ಗರಣೆ ಬಿದ್ದು ನಮ್ಮದೇ ಆಗಿಬಿಟ್ಟಿದೆ. ನಾನು ಅಲ್ಲಿಯೇ ಕುಳಿತು ಎಲ್ಲವನ್ನೂ ಹೇಳಿದೆ. ಹೇಳುವಾಗ ಎದೆ ಹೊಡೆದುಕೊಳ್ಳುತ್ತಿತ್ತು. ಅಮ್ಮ ಈಳಿಗೆಮಣೆಯ ಮೇಲಿನ ಕೈಯನ್ನು ನಿಲ್ಲಿಸಿದಳು.

“ನೀನು ತಿಂದೆಯಾ?”

“ಇಲ್ಲ.”

“ರುಚಿಯನ್ನೂ ನೋಡಲಿಲ್ಲವೇ?”

“ಇಲ್ಲಮ್ಮ.”

ಬಹಳ ಹೊತ್ತು ಸುಮ್ಮನಿದ್ದು ಮತ್ತೆ ಹೆಚ್ಚತೊಡಗಿದಳು. ಕೊನೆಗೆ, “ರುಚಿ ನೋಡದೆ ಮಾಡಿದರೆ ಉಪ್ಪಾಗದೆ ಇರುತ್ತದೆಯೇ? ನೈವೇದ್ಯದ ಅಡುಗೆಯನ್ನು ನಾನು ರುಚಿ ನೋಡದೆಯೇ ಮಾಡುವುದು. ಅಳತೆ ಕೈಗೆ ಹತ್ತಲು ನನಗೆ ಹತ್ತು ವರ್ಷ ಬೇಕಾಯಿತು” ಎಂದಳು. ಅಷ್ಟೇ. ಅವಳಿಗೆ ಒಪ್ಪಿಗೆಯಾಯಿತೋ ಇಲ್ಲವೋ ನನಗೆ ತಿಳಿಯಲಿಲ್ಲ. ಆ ವಿಷಯವನ್ನು ಮತ್ತೆ ಅವಳು ಎತ್ತಲಿಲ್ಲ. ಆದರೆ ಆ ಒಂದು ರಾತ್ರಿ ನಾನು ಮಾಡಿದ ಕೆಲಸವನ್ನು ಅವಳು ಅಡುಗೆ ಎಂದು ಕರೆದಳು. ಬೇರೆ ಹೆಸರಿಟ್ಟು ಕರೆಯಲಿಲ್ಲ.

ಕನ್ನಡದಲ್ಲಿ ಪಾಕಶಾಸ್ತ್ರದ ಕೃತಿಗಳಿಗೆ ಕೊರತೆಯಿಲ್ಲ. ಮೂರನೆಯ ಮಂಗರಸನು 16ನೆಯ ಶತಮಾನದ ಆರಂಭದಲ್ಲಿಯೇ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ಬರೆದ. ಅದು ಅನುಕೂಲವಂತರ ಮನೆಯ ಅಡುಗೆ. ಗುರುವಾರದ ಅಡುಗೆಗೆ ಶಾಸ್ತ್ರವನ್ನು ಬರೆದವರಿಲ್ಲ. ಅದು ತಾಯಿಯ ಬಾಯಿಂದ ಮಗಳ ಕಿವಿಗೆ, ಮೆಟ್ಟಿಲ ಮೇಲಿಂದ ಅಡುಗೆಮನೆಗೆ, ಹಾಗೆಯೇ ಸಾಗಿ ಬರುತ್ತದೆ.

ವಿದೇಶದಲ್ಲಿ ಓದುವ, ದುಡಿಯುವ ನಮ್ಮ ಮಕ್ಕಳು ಈಗ ಅನೇಕರಿದ್ದಾರೆ. ಅವರಲ್ಲಿ ತಿನ್ನುವವರ ಉಪಯೋಗಕ್ಕೆ ಎರಡು ಮಾತು. ಉಬ್ಬಿದ, ಸೋರುವ, ತುಕ್ಕು ಹಿಡಿದ ಡಬ್ಬಿಯನ್ನು ಅಗ್ಗವೆಂದು ಕೊಳ್ಳಬೇಡಿ. 1964ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ನಗರದಲ್ಲಿ ನಾನೂರಕ್ಕೂ ಹೆಚ್ಚು ಜನರಿಗೆ ವಿಷಮಶೀತಜ್ವರ ಬಂತು. ತಯಾರಾದ ಕಡೆ ಡಬ್ಬಿಯನ್ನು ಶುದ್ಧಗೊಳಿಸದ ನದಿಯ ನೀರಿನಲ್ಲಿ ತಣಿಸಿದ್ದರು. ಆ ನೀರು ಡಬ್ಬಿಯೊಳಗೆ ಸೇರಿತ್ತು. ಎರಡನೆಯದಾಗಿ, ರಕ್ತದೊತ್ತಡವಿದ್ದವರಿಗೆ ಇದರ ಉಪ್ಪು ಒಳ್ಳೆಯದಲ್ಲ. ಮೂರನೆಯ ಮಾತೊಂದಿದೆ, ಅದನ್ನು ನೀವಾಗಲೇ ಊಹಿಸಿದ್ದೀರಿ. ಮೇಲೆ ಉಪ್ಪು ಹಾಕಬೇಡಿ.

ಫ್ರೈ ಬೆಂಟೋಸಿನ ಆ ಕಾರ್ಖಾನೆ 1979ರಲ್ಲಿ ಮುಚ್ಚಿತು. 2015ರಲ್ಲಿ ಅದನ್ನು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಒಂದು ಕಾಲದಲ್ಲಿ ಬಡವರ ಪಾಲಿನದಾಗಿದ್ದ ಆ ಡಬ್ಬಿಯೂ ಈಚಿನ ವರ್ಷಗಳಲ್ಲಿ ಇಂಗ್ಲೆಂಡಿನಲ್ಲಿ ಅಗ್ಗವಾಗಿ ಉಳಿದಿಲ್ಲ. ಗುರುವಾರಗಳು ಮಾತ್ರ ಎಲ್ಲ ಊರುಗಳಲ್ಲಿಯೂ ಇವೆ.

ಮಿತವ್ಯಯದ ಅಡುಗೆ ಎಂದು ಯಾರಾದರೂ ಹೇಳಿದಾಗ ನಾನು ಈಗ ಒಂದು ಪ್ರಶ್ನೆಯನ್ನು ಕೇಳಿಕೊಳ್ಳುತ್ತೇನೆ: ಮೀಟರಿಗೆ ನಾಣ್ಯ ಹಾಕಿದವರು ಯಾರು? ನಿವೃತ್ತನಾದ ಮೇಲೆ ನಮ್ಮ ಮನೆಯಲ್ಲಿ ಗುರುವಾರ ರಾತ್ರಿಯ ಅಡುಗೆಯನ್ನು ನಾನೇ ಮಾಡುತ್ತೇನೆ. ಕೋಸಿನ ಪಲ್ಯವನ್ನೇ ಮಾಡುತ್ತೇನೆ. ಥೈಮಿನ ಬದಲು ಹಿತ್ತಲಿನ ದೊಡ್ಡಪತ್ರೆಯ ಎರಡು ಎಲೆ. ಉಪ್ಪನ್ನು ಅಳೆದು ಹಾಕುತ್ತೇನೆ. ನನ್ನ ಹೆಂಡತಿ ಆಗಾಗ ಕಡಿಮೆಯಾಯಿತು ಎನ್ನುತ್ತಾಳೆ.